ಆರು

ಹೂಟಗಳ್ಳಿಯ ಶೆಡ್ಡಿನ ಕೊನೆಗೆ ನನ್ನ ಕೋಣೆ.
ಕಿಟಕಿಗೆ ಕಪ್ಪು ಕಾಗದ, ಅದರ ಮೇಲೆ ಇನ್ನೊಂದು ಕಪ್ಪು ಕಾಗದ,
ಯಾಕೆಂದರೆ ಹಗಲಿನಲ್ಲಿ ಕೆಂಡ ಸುಳ್ಳು ಹೇಳುತ್ತದೆ.

ನನ್ನ ಕೆಲಸ ಸುಡುವುದು.
ಸುಡಬಾರದ್ದನ್ನು ಸುಟ್ಟು ನೋಡಿ
ಸುಡಲಿಲ್ಲ ಎಂದು ಬರೆದು ಸಹಿ ಹಾಕುವುದು.
ಅಮ್ಮ ನೆಂಟರಿಗೆ ಹೇಳುತ್ತಾಳೆ,
ರಬ್ಬರ್ ಫ್ಯಾಕ್ಟರೀಲಿ ಏನೋ ಬರಕೊಳ್ಳೋ ಕೆಲಸ.

ಇನ್ನೂರು ಮೀಟರ್ ಬೆಲ್ಟಿನ ಸುರುಳಿಯಿಂದ ಕುಯ್ದ
ಆರು ತುಂಡು. ಗೇಣುದ್ದ, ಹೆಬ್ಬೆರಳಗಲ.
ಮೂರಕ್ಕೆ ರಬ್ಬರಿನ ಹೊದಿಕೆ,
ಮೂರು ಚರ್ಮ ಸುಲಿದವು, ಒಳಗಿನ ಬಟ್ಟೆ ಕಾಣುವಂಥವು.
ಬರ್ನರಿನ ನಾಲಿಗೆಗೆ ಒಂದೊಂದನ್ನೇ ಒಡ್ಡಿ
ನಲವತ್ತೈದು ಎಣಿಸಬೇಕು. ಬರ್ನರ್ ಸರಿಸಿ
ಕಾಯಬೇಕು,
ಆರುವುದನ್ನು.

ಆರು ಎಂದರೆ ಲೆಕ್ಕ. ಆರು ಎಂದರೆ ಬೇಡಿಕೆಯೂ ಹೌದು.
ಕತ್ತಲಲ್ಲಿ ಕೂತು ಎರಡನ್ನೂ ಒಂದೇ ಉಸಿರಲ್ಲಿ ಹೇಳಿಕೊಳ್ಳುತ್ತೇನೆ.

ಜ್ವಾಲೆ ಹೋದ ಮೇಲೆ ಒಂದು ನಿಮಿಷ ಸುಮ್ಮನಿದ್ದು
ಫ್ಯಾನು ಹಾಕಬೇಕು. ಗಾಳಿಗೆ ಮತ್ತೆ ಕಣ್ಣು ಬಿಡುತ್ತದೋ?
ಬೂದಿ ಮುಚ್ಚಿದ ಕೆಂಡ ಅಂತ ಮನುಷ್ಯರಿಗೆ ಅನ್ನುತ್ತೇವೆ,
ಇಲ್ಲಿ ಅದು ಬರೀ ಮಾತಲ್ಲ,
ಪಟ್ಟಿಯ ನಾಲ್ಕನೇ ಕಾಲಂ.

ಕೆಲಸ ಕಲಿಸಿದ್ದು ಚೌರಪ್ಪ,
ಲಷ್ಕರ್ ಮೊಹಲ್ಲದಿಂದ ಸೈಕಲ್ಲಿನಲ್ಲೇ ಬರುವವನು.
ಸ್ಟಾಪ್‌ವಾಚು ನನ್ನ ಅಂಗೈಗಿಟ್ಟು ಅಂದಿದ್ದ:
"ಕಣ್ಣಿನ ಕೆಲಸ ಅಲ್ಲ ಕಣವ್ವ ಇದು. ಹೆಬ್ಬೆಟ್ಟಿನದು.
ಡಿಪ್ಲೊಮಾ ಓದಿದ್ರೂ ನಾವು ಹೆಬ್ಬೆಟ್ಟು ಒತ್ತೋರೇ."
ಒಂದು ದಿನ ಟೀ ಆರುತ್ತಿರುವಾಗ, ಯಾರೂ ಕೇಳದೆ:
"ತೊಂಬತ್ತೆಂಟರಲ್ಲಿ ಒಂದ್ಸಲ ಮುಂಚೆನೇ ಒತ್ಬುಟ್ಟೆ. ಒಂದೇ ಸೆಕೆಂಡು."
ಆಮೇಲೆ?
"ಏನೂ ಆಗ್ಲಿಲ್ಲ.
ಆಗಿದ್ರೂ ನಂಗ್ಯಾರು ಬಂದು ಹೇಳ್ತಾರೆ?"

ಪೇಪರಿನಲ್ಲಿ ಗಣಿ ಎಂಬ ಎರಡಕ್ಷರ ಕಂಡರೆ
ಈಗಲೂ ಪುಟ ಮಗುಚಿಬಿಡುತ್ತಾನಂತೆ.
ಮಗುಚಿ, ಮತ್ತೆ ಹಿಂದಕ್ಕೆ ಬರುತ್ತಾನಂತೆ.

ಗುರುವಾರ. ಕಲ್ಲಿದ್ದಲ ಗಣಿಗೆ ಹೋಗುವ ಲಾಟು.
ನಾಲ್ಕು ತುಂಡು ಹೇಳಿದ ಮಾತು ಕೇಳಿದವು.
ಐದನೆಯದು ಆರಿತು. ಆರಿದಂತೆ ಇತ್ತು.
ಫ್ಯಾನು ಹಾಕಿದೆ.
ಅಂಚಿನಲ್ಲಿ ಕೆಂಜಿರುವೆಯ ತಲೆಯಷ್ಟು ಕೆಂಪು
ಎದ್ದು, ಬಗ್ಗಿ, ಎಳೆಯೊಂದನ್ನು ಹಿಡಿದು ನಡೆಯತೊಡಗಿತು.
ಹದಿನೈದರ ಒಳಗೆ ಸಾಯಬೇಕಿತ್ತು ಅದು.
ಹದಿನಾರು.
ಹದಿನೇಳು.

ಅರಸ್ ಸಾರ್ ಬಾಗಿಲಲ್ಲೇ ನಿಂತು ಕೇಳಿದರು, ಎಷ್ಟು?
ಹದಿನೇಳು ಸಾರ್.
"ಹದಿನೈದಾ?"
ಕೆಟ್ಟವರಲ್ಲ. ನನ್ನ ತಂಗಿಗೆ ಆಸ್ಪತ್ರೆ ಎಂದಾಗ ಅಡ್ವಾನ್ಸ್ ಕೊಟ್ಟವರು.
ಅವರ ಭುಜದಾಚೆ ಲಾರಿ,
ಡ್ರೈವರು ಟಾರ್ಪಾಲಿನ ಹಗ್ಗ ಬಿಗಿಯುತ್ತ ಕಾಯುತ್ತಿದ್ದ.
"ಎರಡು ಸೆಕೆಂಡು, ತಾಯಿ. ಒಂದು ಸೀನು ಬಂದ್ರೆ ಮುಗೀತು."

ನಾನು ಗಣಿ ನೋಡಿದವಳಲ್ಲ.
ಕೆ.ಆರ್.ಎಸ್. ಕೆಳಗಿನ ಸುರಂಗಕ್ಕೂ ಇಳಿದವಳಲ್ಲ.
ಬೆಲ್ಟು ಸೆಕೆಂಡಿಗೆ ಮೂರು ಮೀಟರ್ ಓಡುತ್ತದೆ ಎಂದು ಮಾತ್ರ ಗೊತ್ತು.
ಸೀನಿದವನು ಮೂಗೊರೆಸಿಕೊಳ್ಳುವಷ್ಟರಲ್ಲಿ ಆ ಇರುವೆ
ಆರು ಮೀಟರ್ ಮುಂದಿರುತ್ತದೆ,
ಬುತ್ತಿ ಬಿಚ್ಚಿ ಕೂತವನ ಕಡೆಗೆ.

ಬಾಲ್‌ಪೆನ್ನು ಹಿಡಿಯಲಿಲ್ಲ, ಉದುರಿಸಿದೆ, ಹಿಡಿದೆ.
ಒಂದು. ಅದರ ಪಕ್ಕ ಏಳು.
ಚೌರಪ್ಪ ಏನೂ ಅನ್ನದೆ ಎದ್ದು ಲೈಟು ಹಾಕಿದ,
ಕೋಣೆ ಎಷ್ಟು ಸಣ್ಣದೆಂದು ಆಗ ಕಂಡಿತು.
ಸುರುಳಿ ಗೋದಾಮಿಗೆ ಹಿಂದಿರುಗುವ ಸದ್ದು
ಸಂಜೆ ಶಿಫ್ಟಿನವರೆಗೆ ಕೇಳುತ್ತಿತ್ತು.

ಬಸ್ಸಿನಲ್ಲಿ ಪಕ್ಕದವಳು ಸೆರಗು ಮೂಗಿಗಿಟ್ಟು ಸರಿದಳು.
ಸೀಗೆಕಾಯಿ ಎಷ್ಟು ಉಜ್ಜಿದರೂ ಈ ವಾಸನೆ ಕೂದಲು ಬಿಡದು.

ಮನೆಯಲ್ಲಿ ಸ್ಟವ್ ಹಚ್ಚಿ ಕಡ್ಡಿ ಕೊಡವಿದೆ.
ಕೈಯಲ್ಲೇ ಹಿಡಿದು ನಿಂತಿದ್ದೆನಂತೆ.
"ಆರಿದೆ ಬಿಸಾಕೇ," ಎಂದಳು ಅಮ್ಮ.

ಗಾಳಿ ಬಿಟ್ಟು ನೋಡಿರಲಿಲ್ಲ ನಾನಿನ್ನೂ.